ಜೇಬಿನಲ್ಲಿ ಬಂದ ಹಾಡುಗಳು

ಹಿಂದಿನ ಕಾಲದಲ್ಲಿ ಒಂದು ಹಾಡು ಒಂದೂರಿನಿಂದ ಇನ್ನೊಂದೂರಿಗೆ ಹೋಗಬೇಕಾದರೆ ಅದನ್ನು ಯಾರಾದರೊಬ್ಬರು ತಮ್ಮ ಗಂಟಲಿನಲ್ಲಿಯೇ ಹೊತ್ತೊಯ್ಯಬೇಕಾಗಿತ್ತು. ಮದುವೆಯಾಗಿ ಗಂಡನ ಮನೆಗೆ ಹೊರಟ ಹೆಣ್ಣಿನೊಡನೆ ತಾಮ್ರದ ಹಂಡೆ, ಹಿತ್ತಾಳೆಯ ಕೊಳಗ, ಮಡಿಲಕ್ಕಿ ಮುಂತಾದ ಸಾಮಾನುಗಳು ಗಾಡಿಯಲ್ಲಿ ಹೋಗುತ್ತಿದ್ದುವು. ಹಿರಿಯರು ಅವನ್ನೆಲ್ಲ ಎಣಿಸಿ ಕೊಡುತ್ತಿದ್ದರು. ಅತ್ತೆಯ ಮನೆಯವರು ಎಣಿಸಿ ಇಳಿಸಿಕೊಳ್ಳುತ್ತಿದ್ದರು. ಆದರೆ ಯಾರ ಎಣಿಕೆಗೂ ಸಿಕ್ಕದ ಒಂದು ವಸ್ತು ಅವಳ ಜೊತೆಯಲ್ಲಿ ಹೋಗುತ್ತಿತ್ತು. ಅದು ಅವಳು ತಾಯಿಯಿಂದಲೂ ಅಜ್ಜಿಯಿಂದಲೂ ಕಲಿತ ಹಾಡುಗಳ ಗಂಟು. ಜೋಗಿಗಳು, ಗೊರವರು, ದಾಸಯ್ಯಗಳು ಹೊತ್ತು ತಿರುಗುತ್ತಿದ್ದುದೂ ಅಂಥದೇ ಗಂಟು. ಅದಕ್ಕೆ ತೂಕವಿರಲಿಲ್ಲ. ದಾರಿಯ ಕಳ್ಳನಿಗಾಗಲಿ, ಸುಂಕದ ಕಟ್ಟೆಯವನಿಗಾಗಲಿ ಅದರ ಮೇಲೆ ಕೈಹಾಕುವ ಉಪಾಯ ತಿಳಿದಿರಲಿಲ್ಲ.

ಹಾಡಿಗೆ ಮೊದಲು ತೂಕ ಬಂದದ್ದು ಗ್ರಾಮಫೋನು ಬಂದಮೇಲೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡುಗಳನ್ನು ತಟ್ಟೆಗಳಲ್ಲಿ ಮುದ್ರಿಸಿದರು. ಗಂಟೆಗಟ್ಟಲೆ ರಾಗವನ್ನು ಬೆಳೆಸಬಲ್ಲ ಆಕೆ ಸುಮಾರು ಮೂರು ನಿಮಿಷಗಳೊಳಗೆ ಹಾಡನ್ನು ಮುಗಿಸಬೇಕಾಯಿತು. ತಟ್ಟೆಯ ಒಂದು ಮೈಯಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಅಚ್ಚು ತಯಾರಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡೆಂದು ಗೊತ್ತಾಗಬೇಕಲ್ಲವೆ? ಆ ತಟ್ಟೆಗಳನ್ನು ಅರಗಿನಿಂದ ಮಾಡುತ್ತಿದ್ದರು. ಕೈತಪ್ಪಿ ಬಿದ್ದರೆ ಮಡಕೆಯಂತೆ ಒಡೆದು ಚೂರಾಗುತ್ತಿದ್ದುವು.

ಆಮೇಲೆ ಬಂದದ್ದು ಕ್ಯಾಸೆಟ್ಟು. ಹಾಲೆಂಡಿನ ಫಿಲಿಪ್ಸ್ ಕಂಪನಿಯವರು ಅದನ್ನು 1963ರಲ್ಲಿ ಹೊರತಂದರು. ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಕಂದುಬಣ್ಣದ ಪಟ್ಟಿ. ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ ಅಂಥ ಪಟ್ಟಿ ಸುಮಾರು 90 ಮೀಟರು ಇರುತ್ತದೆ. ಅದು ಯಂತ್ರದ ಹಲ್ಲಿಗೆ ಸಿಕ್ಕಿಕೊಂಡಾಗ ಮೆಲ್ಲನೆ ಬಿಡಿಸಿ, ಸುಕ್ಕನ್ನು ಬೆರಳಿನಿಂದ ತೀಡಿ, ಪೆನ್ಸಿಲನ್ನು ತೂರಿಸಿ ಸುತ್ತುವ ವಿದ್ಯೆಯನ್ನು ನನ್ನ ವಯಸ್ಸಿನವರೆಲ್ಲರೂ ಬಲ್ಲರು. ಕ್ಯಾಸೆಟ್ಟಿನ ದೊಡ್ಡ ಗುಣವೆಂದರೆ ಅದರಲ್ಲಿ ನಾವೇ ಹಾಡನ್ನು ತುಂಬಬಹುದಾಗಿತ್ತು. ದೋಷವೂ ಒಂದಿತ್ತು. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಹಾಡನ್ನು ಇಳಿಸುತ್ತ ಹೋದಂತೆ ಹಾಡಿನೊಡನೆ ಬರುವ ‘ಉಸ್’ ಎಂಬ ಸದ್ದು ಹೆಚ್ಚುತ್ತ ಹೋಗುತ್ತಿತ್ತು. ನಾಲ್ಕನೆಯ ಪ್ರತಿಯಲ್ಲಿ ಹಾಡುವವರು ಜಡಿಮಳೆಯಲ್ಲಿ ನಿಂತು ಹಾಡಿದಂತೆ ಕೇಳಿಸುತ್ತಿತ್ತು.

ಕಂಪ್ಯೂಟರು ಈ ದೋಷವನ್ನು ಬುಡದಿಂದಲೇ ಕಿತ್ತುಹಾಕಿತು. ಅದಕ್ಕೆ ಹಾಡೆಂದರೆ ಅಂಕಿಗಳ ಸಾಲು. ಸೀಡಿಯ ಮಟ್ಟದ ಧ್ವನಿಮುದ್ರಣದಲ್ಲಿ ಒಂದೊಂದು ಸೆಕೆಂಡಿಗೆ 44,100 ಸಲ ಧ್ವನಿಯ ಏರಿಳಿತವನ್ನು ಅಳೆದು ಅಂಕಿಯಾಗಿ ಬರೆದಿಡುತ್ತಾರೆ. ಅದೂ ಎಡಕಿವಿಗೊಂದು, ಬಲಕಿವಿಗೊಂದು. ಒಂದು ನಿಮಿಷದ ಹಾಡಿಗೆ ಹೀಗೆ ಒಂದು ಕೋಟಿ ಐದು ಲಕ್ಷಕ್ಕಿಂತ ಹೆಚ್ಚು ಬೈಟುಗಳು ಬೇಕಾಗುತ್ತವೆ. ಅಂಕಿಗೆ ಒಂದು ವಿಶೇಷ ಗುಣವಿದೆ. 7 ಎಂಬ ಅಂಕಿಯನ್ನು ಎಷ್ಟು ಸಲ ನಕಲು ಮಾಡಿದರೂ ಅದು ಸವೆದು 6 ಆಗುವುದಿಲ್ಲ. ನೂರನೆಯ ಪ್ರತಿಯೂ ಮೊದಲನೆಯದರಷ್ಟೇ ಸ್ವಚ್ಛವಾಗಿರುತ್ತದೆ.

ಈ ಕೋಟಿಗಳ ಲೆಕ್ಕ ಭಾರವೆಂದು ಕಂಡವರು ಎಂಪಿ3 ಎಂಬ ಉಪಾಯವನ್ನು ಕಂಡುಹಿಡಿದರು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು ಇದರಲ್ಲಿ ಮುಖ್ಯರು. ಆ ಹೆಸರು ನಿಂತದ್ದು 1995ರಲ್ಲಿ. ಒಂದು ದೊಡ್ಡ ಸದ್ದಿನ ಮಗ್ಗುಲಲ್ಲಿರುವ ಸಣ್ಣ ಸದ್ದು ಮನುಷ್ಯನ ಕಿವಿಗೆ ಬೀಳುವುದಿಲ್ಲ. ಬೀಳದಿರುವುದನ್ನು ಹೊರುವುದೇಕೆ ಎಂದು ಅದನ್ನೆಲ್ಲ ಬಿಟ್ಟುಬಿಟ್ಟರೆ ಹಾಡು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಬಹು ಜಾಣತನದ ಉಪಾಯವೇ ಸರಿ. ಆದರೆ ಯಾವುದನ್ನು ಬಿಡಬಹುದು ಎಂಬ ತೀರ್ಮಾನವನ್ನು ಯಂತ್ರಕ್ಕೆ ಒಪ್ಪಿಸಿದಂತಾಯಿತು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಇನ್ನು ಪೆನ್‌ಡ್ರೈವು. ಜೇಬಿಗೆ ಸಿಕ್ಕಿಸಿಕೊಳ್ಳುವಂತಿದ್ದುದರಿಂದಲೋ ಏನೋ, ಶಾಯಿಯಿಲ್ಲದ ಈ ವಸ್ತುವಿಗೆ ನಮ್ಮ ಜನ ಪೆನ್ನಿನ ಹೆಸರು ಕೊಟ್ಟರು. ನನಗೇನೋ ಆ ಹೆಸರು ಒಪ್ಪಿಗೆಯಾಗಿದೆ. ನಮ್ಮ ಜನಪದ ಹಾಡುಗಳನ್ನು ಮೊದಮೊದಲು ಹೊತ್ತು ತಂದದ್ದು ಲೇಖನಿಯೇ ಅಲ್ಲವೆ? ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ಹಾಡುಗಳು ‘ಗರತಿಯ ಹಾಡು’ ಎಂಬ ಹೆಸರಿನಿಂದ 1931ರಲ್ಲಿ ಪುಸ್ತಕವಾಗಿ ಬಂದುವು. ಲೇಖನಿಗೆ ಮಾತು ಸಿಕ್ಕಿತು, ದನಿ ಸಿಕ್ಕಲಿಲ್ಲ. ಅದರ ತಪ್ಪೇನೂ ಅಲ್ಲ.

ಪೆನ್‌ಡ್ರೈವಿನ ಒಳಗಿರುವುದು ಫ್ಲ್ಯಾಷ್ ಎಂಬ ಜಾತಿಯ ನೆನಪಿನ ಚಿಪ್ಪು. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೋ ಮಸುವೋಕ ಎಂಬ ಎಂಜಿನಿಯರು ಇದನ್ನು ರೂಪಿಸಿ 1984ರಲ್ಲಿ ಜಗತ್ತಿನ ಮುಂದಿಟ್ಟರು. ಬರೆದದ್ದೆಲ್ಲ ಒಂದೇ ಸಲಕ್ಕೆ ಅಳಿಸಿಹೋಗುವ ರೀತಿ ಕ್ಯಾಮೆರದ ಬೆಳಕು ಫಳಕ್ಕನೆ ಮಿಂಚಿದಂತಿದೆ ಎಂದು ಅವರ ಸಹೋದ್ಯೋಗಿಯೊಬ್ಬರಿಗೆ ತೋರಿದ್ದರಿಂದ ಆ ಹೆಸರು ಬಂದಿತು. ಈ ಚಿಪ್ಪಿನಲ್ಲಿ ತಿರುಗುವ ಚಕ್ರವಿಲ್ಲ, ಸವೆಯುವ ಮುಳ್ಳಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳು ಕೋಟಿಗಟ್ಟಲೆ ಇವೆ. ಒಂದೊಂದು ಕೋಣೆಯ ಸುತ್ತಲೂ ವಿದ್ಯುತ್ತು ಹರಿಯಗೊಡದ ಗೋಡೆ. ಬರೆಯುವಾಗ ಹೆಚ್ಚಿನ ಒತ್ತಡದಿಂದ ಎಲೆಕ್ಟ್ರಾನುಗಳನ್ನು ಆ ಗೋಡೆಯ ಮೂಲಕ ಒಳಕ್ಕೆ ನುಗ್ಗಿಸುತ್ತಾರೆ. ಒಳಗೆ ಸೇರಿದವು ಹೊರಗೆ ಬರಲಾರದೆ ಅಲ್ಲಿಯೇ ಕೂಡುತ್ತವೆ. ಕೂಡಿರುವ ಕೋಣೆ ಒಂದು ಗುರುತು, ಬರಿದಾದ ಕೋಣೆ ಇನ್ನೊಂದು ಗುರುತು. ಕರೆಂಟು ಇರಲಿ, ಹೋಗಲಿ, ಗುರುತು ನಿಲ್ಲುತ್ತದೆ. ಶಾಶ್ವತವಾಗಿ ನಿಲ್ಲುತ್ತದೆಂದು ಮಾತ್ರ ತಿಳಿಯಬಾರದು. ಹಳೆಯ ತೊಟ್ಟಿಯ ನೀರಿನಂತೆ ವರ್ಷಗಳು ಕಳೆದಂತೆ ಅದೂ ಸ್ವಲ್ಪಸ್ವಲ್ಪವಾಗಿ ಜಿನುಗಿಹೋಗುತ್ತದೆ.

2000ದಲ್ಲಿ ಅಂಗಡಿಗೆ ಬಂದ ಮೊದಲ ಪೆನ್‌ಡ್ರೈವುಗಳಲ್ಲಿ ಹಿಡಿಯುತ್ತಿದ್ದುದು 8 ಮೆಗಾಬೈಟು. ಎಂಪಿ3 ಮಾಡಿದರೆ ಎರಡು ಹಾಡು. ಪೂರ್ಣರೂಪದಲ್ಲಿ ಇಡುವುದಾದರೆ ಮುಕ್ಕಾಲು ನಿಮಿಷ, ಎಂದರೆ ಒಂದು ಪಲ್ಲವಿ! ಅದನ್ನು ಕಂಪ್ಯೂಟರಿಗೆ ಚುಚ್ಚುವ ಯುಎಸ್‌ಬಿ ಎಂಬ ಸಂದು 1996ರಿಂದ ಬಳಕೆಗೆ ಬಂದಿತು. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಅಜಯ್ ಭಟ್ಟರು ಬರೋಡದಲ್ಲಿ ಓದಿ ಅಮೆರಿಕಕ್ಕೆ ಹೋದವರು. ಎರಡು ಮಗ್ಗುಲಿದ್ದರೂ ಆ ಕೊಂಡಿ ಮೊದಲ ಸಲಕ್ಕೆ ಸರಿಯಾಗಿ ಕೂತದ್ದನ್ನು ನಾನು ಅಪರೂಪವಾಗಿ ಕಂಡಿದ್ದೇನೆ. ತಿರುಗಿಸಿದರೆ ಕೂರುವುದಿಲ್ಲ, ಮತ್ತೆ ತಿರುಗಿಸಿದರೆ ಕೂರುತ್ತದೆ. ಇದರ ರಹಸ್ಯವನ್ನು ಬಲ್ಲವರು ಹೇಳಬೇಕು.

ಇಷ್ಟೆಲ್ಲ ಪೀಠಿಕೆಯನ್ನು ಹಾಕಿದ್ದು ನಮ್ಮ ಮನೆಯ ಸಂಗತಿಯೊಂದನ್ನು ಹೇಳುವುದಕ್ಕಾಗಿ.

ಅರಸೀಕೆರೆ ತಾಲ್ಲೂಕಿನ ನಮ್ಮ ಊರಿನಲ್ಲಿ ನನ್ನ ದೊಡ್ಡಮ್ಮನವರಿದ್ದರು. ಅಕ್ಷರ ಬಾರದವರು, ಆದರೆ ಹಾಡು ಎಷ್ಟು ಬರುತ್ತಿತ್ತೆಂಬುದಕ್ಕೆ ಲೆಕ್ಕವಿರಲಿಲ್ಲ. ನಾಟಿಯ ಪದ, ಸೋಬಾನೆ ಪದ, ತೊಟ್ಟಿಲ ಪದ, ರಾಗಿ ಬೀಸುವ ಪದ, ಒಂದೊಂದು ಕೆಲಸಕ್ಕೂ ಅವರಲ್ಲಿ ಬೇರೆಬೇರೆ ಹಾಡುಗಳಿದ್ದುವು. 1987ರ ದೀಪಾವಳಿಗೆ ನಾನು ಸಂಬಳದಲ್ಲಿ ಉಳಿಸಿ ಕೊಂಡ ಒಂದು ಟೇಪ್ ರೆಕಾರ್ಡರನ್ನು ತೆಗೆದುಕೊಂಡು ಊರಿಗೆ ಹೋದೆ. ದೊಡ್ಡಮ್ಮನವರಿಗೆ ಆಗಲೇ ಎಪ್ಪತ್ತು ದಾಟಿತ್ತು. ಯಂತ್ರವನ್ನು ಎದುರಿಗಿಟ್ಟು, “ಒಂದು ಬೀಸುವ ಪದ ಹೇಳಿ ದೊಡ್ಡಮ್ಮ” ಎಂದೆ. ಅವರು ಬಾಯಿ ತೆರೆದರು. ಒಂದು ನುಡಿ ಬಂದಿತು. ಎರಡನೆಯದು ಬರಲಿಲ್ಲ.

“ಕೈ ಆಡದೆ ಬಾಯಿ ಆಡೋದಿಲ್ಲ ಮಗ” ಎಂದರು.

ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷಗಳಾಗಿದ್ದುವು. ರಾಗಿಕಲ್ಲು ಕೊಟ್ಟಿಗೆಯ ಮೂಲೆಯಲ್ಲಿ ಗೋಡೆಗೊರಗಿ ನಿಂತಿತ್ತು. ಅಣ್ಣನೂ ನಾನೂ ಅದನ್ನು ಉರುಳಿಸಿಕೊಂಡು ಬಂದು ತೊಳೆದು ಪಡಸಾಲೆಯಲ್ಲಿ ಹೂಡಿದೆವು. ಹೊಸ ಗೂಟವನ್ನು ಬಡಿದೆವು. ದೊಡ್ಡಮ್ಮನವರು ಸೆರಗು ಬಿಗಿದು ಕುಳಿತು, ಒಂದು ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಸುರಿದು ಗೂಟ ಹಿಡಿದರು. ಕಲ್ಲು ಗುರ್ರೆಂದು ತಿರುಗಿತು. ಹಾಡು ತಾನಾಗಿ ಹೊರಟಿತು. ಮೂರು ದಿನ ಸಂಜೆ ಹೀಗೆ ನಡೆಯಿತು. ಮೂರು ಕ್ಯಾಸೆಟ್ಟು ತುಂಬಿದುವು; 41 ಹಾಡುಗಳು. ಹಬ್ಬಕ್ಕೆಂದು ಬೀಸಿದ್ದೇ ಬೀಸಿದ್ದಾಗಿ ಮನೆಯವರೆಲ್ಲ ಒಂದು ವಾರ ಆ ಹಿಟ್ಟಿನ ಮುದ್ದೆಯನ್ನೇ ಉಂಡೆವು. ಗಿರಣಿಯ ಹಿಟ್ಟಿಗಿಂತ ಅದು ರುಚಿಯಾಗಿತ್ತೆಂದು ನನ್ನ ನೆನಪು. 1993ರಲ್ಲಿ ದೊಡ್ಡಮ್ಮನವರು ತೀರಿಕೊಂಡರು.

ಕ್ಯಾಸೆಟ್ಟುಗಳು ಊರಿನ ಮನೆಯಲ್ಲೇ ಇದ್ದುವು. 2005ರ ಬೇಸಗೆಯಲ್ಲಿ, ಎಂಜಿನಿಯರಿಂಗ್ ಓದುತ್ತಿದ್ದ ಅಣ್ಣನ ಮಗ ಅವನ್ನು ಒಂದೊಂದಾಗಿ ಟೇಪ್ ರೆಕಾರ್ಡರಿಗೆ ಹಾಕಿ, ಒಂದು ತಂತಿಯ ಮೂಲಕ ತನ್ನ ಕಂಪ್ಯೂಟರಿಗೆ ತುಂಬಿಸಿದನು. ಅವನು ಆ ಕೆಲಸವನ್ನು ಮಾಡಿದ್ದು ದೊಡ್ಡ ಪುಣ್ಯವೆನ್ನಬೇಕು. ಮುಂದೆ ಎರಡು ಮಳೆಗಾಲಗಳಲ್ಲಿ ಅಟ್ಟದ ಮೇಲಿದ್ದ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು, ಪಟ್ಟಿಯ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಕೆಲಸಕ್ಕೆ ಬಾರದಂತಾದುವು. ಆಗ ಅವನೊಂದು ಪ್ರಯೋಗವನ್ನೂ ಮಾಡಿ ನನಗೆ ಕೇಳಿಸಿದ್ದನು. “ಚಿಕ್ಕಪ್ಪ, ಕಲ್ಲಿನ ಸದ್ದನ್ನು ತೆಗೆದುಹಾಕಿ, ಎಂಪಿ3 ಮಾಡಿದ್ದೇನೆ. ಅಜ್ಜಿಯ ದನಿಯೊಂದೇ ಕೇಳಿಸುತ್ತದೆ” ಎಂದನು. ಕೇಳಿದೆ. ದೊಡ್ಡಮ್ಮನವರು ಬಾವಿಯೊಳಗೆ ಕುಳಿತು ಹಾಡಿದಂತಿತ್ತು. ಕಲ್ಲು ಎಲ್ಲಿ ತಿರುವು ತೆಗೆದುಕೊಳ್ಳುತ್ತಿತ್ತೋ ಅಲ್ಲಿಯೇ ಅವರ ಉಸಿರೂ ತಿರುವು ತೆಗೆದುಕೊಳ್ಳುತ್ತಿತ್ತು. ಒಂದನ್ನು ತೆಗೆದಮೇಲೆ ಇನ್ನೊಂದಕ್ಕೆ ಅರ್ಥವೇ ಇರಲಿಲ್ಲ. ಯಂತ್ರದ ಪಾಲಿಗೆ ಕಲ್ಲಿನ ಸದ್ದು ಕಸ. ನಮಗೆ ಅದು ಶ್ರುತಿ. “ಹಾಗೆಯೇ ಇರಲಿ ಕಣಪ್ಪ, ಜಾಗ ಎಷ್ಟು ಹಿಡಿದರೂ ಹಿಡಿಯಲಿ” ಎಂದೆ. ಮೂರು ಗಂಟೆಗಳ ಹಾಡು ಪೂರ್ಣರೂಪದಲ್ಲಿಯೇ ಉಳಿಯಿತು. 190 ಕೋಟಿ ಬೈಟು.

ಹುಡುಗ ಓದು ಮುಗಿಸಿ ಪುಣೆಯಲ್ಲಿ ಕೆಲಸಕ್ಕೆ ಸೇರಿದನು. ಕಂಪ್ಯೂಟರು ಊರಿನಲ್ಲಿಯೇ ಉಳಿಯಿತು. ಅತ್ತಿಗೆಯವರು ಅದಕ್ಕೆ ಕಸೂತಿ ಹಾಕಿದ ಒಂದು ಬಟ್ಟೆಯನ್ನು ಹೊದಿಸಿದರು. ಅಣ್ಣ ಆಗೊಮ್ಮೆ ಈಗೊಮ್ಮೆ ಅದರಲ್ಲಿ ಹಾಲಿನ ಡೇರಿಯ ಲೆಕ್ಕವನ್ನು ಬರೆಯುತ್ತಿದ್ದನು. ಅಮಾವಾಸ್ಯೆಯ ದಿನ ಅಮ್ಮನ ಹಾಡು ಹಾಕಿ ಕೇಳುತ್ತಿದ್ದನು. 2013ರ ಆಗಸ್ಟಿನಲ್ಲಿ ಒಂದು ದಿನ ಅವನು ಮೈಸೂರಿಗೆ ಫೋನು ಮಾಡಿ, “ಕಂಪ್ಯೂಟರಿನ ಒಳಗೆ ಹಲ್ಲಿ ಲೊಚಗುಟ್ಟಿದ ಹಾಗೆ ಟಕ್ ಟಕ್ ಎನ್ನುತ್ತದೆ. ಒಂದೊಂದು ದಿನ ಎದ್ದೇಳುವುದೇ ಇಲ್ಲ” ಎಂದನು. ಪುಣೆಯ ಹುಡುಗನಿಗೆ ಈ ಸುದ್ದಿ ತಿಳಿಸಿದೆ. ಅವನು ಗಾಬರಿಯಾದನು. ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತವೆ. ಅವುಗಳ ಮೇಲೆ ಕೂದಲೆಳೆಗಿಂತಲೂ ಕಡಿಮೆ ಎತ್ತರದಲ್ಲಿ ಓದುವ ತಲೆ ತೇಲಾಡುತ್ತಿರುತ್ತದೆ. ಅದು ದಾರಿ ತಪ್ಪಿ ಮತ್ತೆಮತ್ತೆ ಹುಡುಕುವಾಗ ಬರುವ ಸದ್ದು ಅದು, ಕೊನೆಗಾಲದ ಲಕ್ಷಣ. “ಚಿಕ್ಕಪ್ಪ, ಅಪ್ಪನಿಗೆ ಹೇಳಿ, ಇನ್ನು ಅದನ್ನು ಹಾಕಿ ಹಾಕಿ ನೋಡುವುದು ಬೇಡ. ನೀವೇ ಹೋಗಿ ಒಂದೇ ಸಲಕ್ಕೆ ಎಲ್ಲವನ್ನೂ ಪೆನ್‌ಡ್ರೈವಿಗೆ ತೆಗೆದುಕೊಳ್ಳಿ” ಎಂದನು.

ಇಂಟರ್‌ನೆಟ್ಟಿನ ಮೂಲಕ ಕಳುಹಿಸಬಾರದಾಗಿತ್ತೆ ಎಂದು ನೀವು ಕೇಳಬಹುದು. ಆಗ ನಮ್ಮ ಊರಿನಲ್ಲಿ ಸಿಗುತ್ತಿದ್ದ ಸಂಪರ್ಕ ಸೆಕೆಂಡಿಗೆ ಇಪ್ಪತ್ತು ಸಾವಿರ ಬೈಟು ಸಾಗಿಸಿದರೆ ಹೆಚ್ಚು. ಲೆಕ್ಕ ಹಾಕಿ ನೋಡಿ: 190 ಕೋಟಿ ಬೈಟಿಗೆ ಸುಮಾರು 26 ಗಂಟೆ ಬೇಕು. ಮೈಸೂರಿನಿಂದ ಹೊಳೆನರಸೀಪುರ, ಹಾಸನಗಳ ಮೇಲೆ ಅರಸೀಕೆರೆಗೆ ಹೋಗುವ ರೈಲು, ಎಲ್ಲ ನಿಲ್ದಾಣಗಳಲ್ಲಿ ನಿಂತು ನಿಂತು ಹೋದರೂ, ಅದಕ್ಕಿಂತ ಎಷ್ಟೋ ಬೇಗ ಹೋಗಿ ಬರುತ್ತದೆ. ನಾಲ್ಕು ಗಿಗಾಬೈಟಿನ ಒಂದು ಹೊಸ ಪೆನ್‌ಡ್ರೈವನ್ನು ಕೊಂಡು ರೈಲು ಹತ್ತಿದೆ. ಹಳೆಯದೊಂದು ನನ್ನಲ್ಲಿತ್ತು, ಆದರೆ ಆ ದಿನಗಳಲ್ಲಿ ಹತ್ತು ಕಡೆ ಚುಚ್ಚಿದ ಪೆನ್‌ಡ್ರೈವು ಹತ್ತು ಕಡೆಯ ವೈರಸ್ಸುಗಳನ್ನು ಹೊತ್ತು ತಿರುಗುತ್ತಿತ್ತು. ಕಾಯಿಲೆ ಬಿದ್ದವರ ಮನೆಗೆ ಕಾಲು ತೊಳೆಯದೆ ಹೋಗಬಾರದಲ್ಲವೆ?

ಊರನ್ನು ತಲುಪಿದಾಗ ಹನ್ನೊಂದು ದಾಟಿತ್ತು. “ಕರೆಂಟು ಎರಡು ಗಂಟೆಗೆ ಹೋಗುತ್ತದೆ, ಆರಕ್ಕೆ ಬರುತ್ತದೆ” ಎಂದು ಅಣ್ಣ ಹೇಳಿದನು. ಕಂಪ್ಯೂಟರಿನ ಜೊತೆಗಿದ್ದ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ಎಂದರೆ ನಮಗಿದ್ದುದು ಎರಡೂವರೆ ಗಂಟೆ. ಅಷ್ಟರೊಳಗೆ ಅದು ನಿಂತರೆ ಮತ್ತೆ ಏಳುವ ಭರವಸೆಯಿರಲಿಲ್ಲ. ಅಣ್ಣ ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿ, ಟೇಬಲ್ ಫ್ಯಾನನ್ನು ಅದರ ಕಡೆಗೆ ತಿರುಗಿಸಿದನು. ಗುಂಡಿ ಒತ್ತಿದೆವು. ಟಕ್ ಟಕ್ ಎಂದು ಹತ್ತಾರು ಸಲ ಬಡಿದುಕೊಂಡು, ನಮ್ಮ ಪುಣ್ಯಕ್ಕೆ ಯಂತ್ರ ಎದ್ದಿತು.

‘ಅಜ್ಜಿ’ ಎಂಬ ಹೆಸರಿನ ಫೋಲ್ಡರಿನಲ್ಲಿ 41 ಫೈಲುಗಳಿದ್ದುವು. ಹೆಸರುಗಳಿಲ್ಲ, 01ರಿಂದ 41ರ ವರೆಗೆ ಅಂಕಿಗಳು ಮಾತ್ರ. ಯಾವ ಅಂಕಿ ಯಾವ ಹಾಡೆಂಬುದನ್ನು ಹುಡುಗ ಒಂದು ನೋಟುಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದನು. ಎಲ್ಲವನ್ನೂ ಒಟ್ಟಿಗೆ ಹಿಡಿದು ಪೆನ್‌ಡ್ರೈವಿಗೆ ನಕಲು ಮಾಡುವಂತೆ ಆಜ್ಞೆ ಕೊಟ್ಟೆ. ಕತ್ತರಿಸಿ ಅಂಟಿಸುವ ಕ್ರಮವೂ ಒಂದುಂಟು. ಅದರಲ್ಲಿ ಮೂಲ ಉಳಿಯುವುದಿಲ್ಲ. ಇಂಥ ಸಮಯದಲ್ಲಿ ನಕಲೇ ಸರಿ. ಪರದೆಯ ಮೇಲೆ ಹಸಿರು ಪಟ್ಟಿ ಮೆಲ್ಲಮೆಲ್ಲನೆ ಬೆಳೆಯಿತು. ಅತ್ತಿಗೆಯವರು ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು, “ಅತ್ತೆಯ ಹಾಡು ಹೊರಗೆ ಬಂದುವೇನಪ್ಪ?” ಎಂದು ಕೇಳಿ ಹೋದರು. ಹದಿನಾರು ಹಾಡು ಬಂದುವು. ಹದಿನೇಳನೆಯದಕ್ಕೆ ಹಸಿರು ಪಟ್ಟಿ ನಿಂತಿತು. ಟಕ್ ಟಕ್ ಸದ್ದು ಜೋರಾಯಿತು. ಕೊನೆಗೆ, ಓದುವುದರಲ್ಲಿ ದೋಷವಿದೆ ಎಂಬ ಇಂಗ್ಲಿಷ್ ಸಂದೇಶ ಬಂದು ಎಲ್ಲ ಕೆಲಸವೂ ನಿಂತುಹೋಯಿತು. ಆ ಕಾಲದ ಕಂಪ್ಯೂಟರುಗಳ ರೀತಿಯೇ ಹಾಗೆ. ಸಾಲಿನಲ್ಲಿ ಒಬ್ಬನು ಎಡವಿದರೆ ಹಿಂದಿನವರನ್ನೆಲ್ಲ ಮನೆಗೆ ಕಳುಹಿಸಿಬಿಡುತ್ತಿದ್ದುವು.

ಪುಣೆಗೆ ಫೋನು ಮಾಡಿದೆವು. “17ನ್ನು ಬಿಡಿ, ಚಿಕ್ಕಪ್ಪ. ಈಗ ಅದನ್ನು ಮುಟ್ಟಬೇಡಿ. 18ರಿಂದ ಒಂದೊಂದಾಗಿ ತೆಗೆಯಿರಿ. ಅದನ್ನು ಕೊನೆಗೆ ನೋಡೋಣ” ಎಂದನು ಹುಡುಗ. ಒಂದೊಂದಾಗಿ ತೆಗೆದೆವು. ಕೆಲವು ಅರ್ಧ ನಿಮಿಷದಲ್ಲಿ ಬಂದುವು. ಕೆಲವು ಐದು ನಿಮಿಷ ಕಾಯಿಸಿದುವು. ಅಣ್ಣ ನೋಟುಪುಸ್ತಕವನ್ನು ಹಿಡಿದು, ಬಂದ ಹಾಡಿಗೆ ಗೀಟು ಹಾಕುತ್ತ ಕುಳಿತನು. ಸಂತೆಯಿಂದ ಬಂದ ಮೂಟೆಗಳನ್ನು ಎಣಿಸುವ ರೀತಿಯಲ್ಲಿ. ಒಂದು ಮುಕ್ಕಾಲರ ಹೊತ್ತಿಗೆ ನಲವತ್ತು ಹಾಡುಗಳು ಹೊರಗೆ ಬಂದಿದ್ದುವು.

ಆಗ ಅಣ್ಣ, “ಇನ್ನೂ ಕಾಲು ಗಂಟೆ ಇದೆ. ಹದಿನೇಳನೆಯದನ್ನು ಹಿಡಿ” ಎಂದನು. ನಾನು ಒಪ್ಪಲಿಲ್ಲ. ಪೆನ್‌ಡ್ರೈವಿನಲ್ಲಿರುವುದು ಸರಿಯಾಗಿದೆಯೋ ಇಲ್ಲವೋ ನಮಗೆ ತಿಳಿಯದು. ಬಂದಂತೆ ತೋರಿದ ಫೈಲು ಬರಿದಾಗಿರುವುದೂ ಉಂಟು. ಯಂತ್ರಕ್ಕೆ ಹೇಳಿ, ಅದು ಬರೆಯುವುದನ್ನೆಲ್ಲ ಬರೆದು ಮುಗಿಸಿ ಒಪ್ಪಿಗೆ ಕೊಟ್ಟಮೇಲೆ, ಪೆನ್‌ಡ್ರೈವನ್ನು ಕಿತ್ತೆ. ಪಕ್ಕದ ಮನೆಯ ಹುಡುಗಿ ಅರಸೀಕೆರೆಯಲ್ಲಿ ಡಿಪ್ಲೊಮಾ ಓದುತ್ತಿದ್ದಳು, ಅವಳಲ್ಲಿ ಲ್ಯಾಪ್‌ಟಾಪಿತ್ತು. ಅದಕ್ಕೆ ಎಲ್ಲವನ್ನೂ ಇಳಿಸಿ, ಒಂದೊಂದು ಹಾಡಿನ ಮೊದಲನ್ನೂ ನಡುವನ್ನೂ ಕೊನೆಯನ್ನೂ ಕೇಳಿದೆವು. ಕಲ್ಲು ತಿರುಗುತ್ತಿತ್ತು, ದನಿ ಏರುತ್ತಿತ್ತು. ಆರನೆಯ ಹಾಡಿನ ನಡುವೆ ಕೋಳಿಯೊಂದು ಕೂಗಿದ್ದು, ಇಪ್ಪತ್ತೆರಡನೆಯದರಲ್ಲಿ ದೊಡ್ಡಪ್ಪ ಯಾರನ್ನೋ ಗದರಿಸಿದ್ದು, ಎಲ್ಲವೂ ಇದ್ದಲ್ಲಿಯೇ ಇದ್ದುವು. ದೊಡ್ಡಪ್ಪನ ಬೇರೆ ಯಾವ ದನಿಯೂ ನಮ್ಮಲ್ಲಿ ಉಳಿದಿಲ್ಲ, ಆ ಗದರಿಕೆಯೊಂದೇ. ಅಣ್ಣ ಅದನ್ನು ಎರಡು ಸಲ ಹಾಕಿಸಿ ಕೇಳಿದನು. ಅಷ್ಟರಲ್ಲಿ ಕರೆಂಟು ಹೋಯಿತು. ಸಂಜೆ ಆರಕ್ಕೆ ಬಂದಾಗ ಹಳೆಯ ಕಂಪ್ಯೂಟರಿನ ಗುಂಡಿ ಒತ್ತಿದೆವು. ಡಿಸ್ಕೇ ಇಲ್ಲವೆಂದು ಅದು ಹೇಳಿತು. ನಾಲ್ಕು ಸಲ ಹೇಳಿತು.

ಈ ನಲವತ್ತು ಹಾಡುಗಳು ಈಗ ಐದು ಮನೆಗಳಲ್ಲಿವೆ. ಪುಣೆಯಲ್ಲಿ, ಧಾರವಾಡದಲ್ಲಿ, ಬೆಂಗಳೂರಿನಲ್ಲಿ, ನನ್ನಲ್ಲಿ, ಊರಿನಲ್ಲಿ. ಎಲ್ಲ ಕಡೆಗೂ ಅದೇ ಪೆನ್‌ಡ್ರೈವು ಜೇಬಿನಿಂದ ಜೇಬಿಗೆ ಹೋಯಿತು. ಎರಡು ಮೂರು ವರ್ಷಗಳಿಗೊಮ್ಮೆ ಹೊಸತಕ್ಕೆ ನಕಲು ಮಾಡಿಡುತ್ತೇವೆ. ಪೇಟೆಯಲ್ಲಿ ಹಿಂದೆ ಹತ್ತಿಪ್ಪತ್ತು ರೂಪಾಯಿಗೆ ಸಿನಿಮಾ ಹಾಡುಗಳನ್ನು ತುಂಬಿಕೊಡುವ ಅಂಗಡಿಗಳಿದ್ದುದನ್ನು ಹಿರಿಯರು ಬಲ್ಲರು. ಅದು ಬೇರೆ ಮಾತು. ಆ ಹಾಡುಗಳಿಗೆ ಒಡೆಯರಿದ್ದಾರೆ. ನಮ್ಮ ದೇಶದ 1957ರ ಕಾಯಿದೆ ಅವರ ಹಕ್ಕನ್ನು ಕಾಯುತ್ತದೆ. ಅವರನ್ನು ಕೇಳದೆ ಹಂಚುವುದು ಕಳವೇ ಆಯಿತು. ದೊಡ್ಡಮ್ಮನವರ ಹಾಡುಗಳನ್ನು ಯಾರು ಕಟ್ಟಿದರೋ ದೊಡ್ಡಮ್ಮನವರಿಗೂ ಗೊತ್ತಿರಲಿಲ್ಲ. ಅವರು ಕೇಳಿದವರಿಗೆಲ್ಲ ಹೇಳಿಕೊಟ್ಟರು; ನಾವೂ ಕೇಳಿದವರಿಗೆ ಕೊಡುತ್ತೇವೆ.

ಹದಿನೇಳನೆಯದರ ಸಂಗತಿ ಉಳಿಯಿತು. ಆ ರಾತ್ರಿ ಊಟಕ್ಕೆ ಕುಳಿತಾಗ ಅಣ್ಣ ಸರಿಯಾಗಿ ಉಣ್ಣಲಿಲ್ಲ. ನೋಟುಪುಸ್ತಕದಲ್ಲಿ 17ರ ಮುಂದೆ ‘ರಾಗಿಕಲ್ಲಿನ ಪದ, ತವರಿನದು’ ಎಂದಷ್ಟೇ ಬರೆದಿತ್ತು. “ಅಮ್ಮ ಅದನ್ನು ಬಹಳ ಚೆನ್ನಾಗಿ ಹೇಳುತ್ತಿದ್ದರು” ಎಂದು ಅಣ್ಣ ಎರಡು ಮೂರು ಸಲ ಅಂದನು. ಬಡಿಸುತ್ತಿದ್ದ ಅತ್ತಿಗೆಯವರು, “ಅದು ನನಗೆ ಬರುತ್ತೆ” ಎಂದರು.

ನಾವಿಬ್ಬರೂ ತಲೆಯೆತ್ತಿ ನೋಡಿದೆವು. ಆ ಮನೆಗೆ ಸೊಸೆಯಾಗಿ ಬಂದು ಮೂವತ್ತೈದು ವರ್ಷಗಳಾಗಿದ್ದರೂ ಅವರು ಹಾಡಿದ್ದನ್ನು ನಾನು ಕೇಳಿರಲಿಲ್ಲ. ಅಣ್ಣನೂ ಕೇಳಿರಲಿಲ್ಲವಂತೆ. ಬೆಳಗ್ಗೆ ಕೊಟ್ಟಿಗೆಯಿಂದ ಕಲ್ಲು ಮತ್ತೆ ಹೊರಗೆ ಬಂದಿತು. ನನ್ನ ಮೊಬೈಲನ್ನು ಒಂದು ಮಣೆಯ ಮೇಲೆ ಇಟ್ಟೆ. ಅತ್ತಿಗೆಯವರು ಗೂಟ ಹಿಡಿದು, ನಮ್ಮ ಕಡೆಗೆ ನೋಡದೆ, ಕಲ್ಲನ್ನೇ ನೋಡುತ್ತ ಹಾಡಿದರು. ದೊಡ್ಡಮ್ಮನವರ ದನಿ ಅಲ್ಲ. ಅದಕ್ಕಿಂತ ತೆಳು, ಸ್ವಲ್ಪ ನಡುಕ. ಆದರೆ ಉಸಿರು ತಿರುಗುವ ಜಾಗ ಅದೇ. ಹಾಡಿನಲ್ಲಿ ಸೊಸೆಯೊಬ್ಬಳು ತವರಿನ ದಾರಿ ನೋಡುತ್ತಾಳೆ. ಅಣ್ಣ ಬರಲಿಲ್ಲವೆಂದು ನೋಯುತ್ತಾಳೆ. ಕೊನೆಯ ನುಡಿಗಳಲ್ಲಿ ಗಂಡನ ಮನೆಯವರ ಗುಣಗಳನ್ನು, ಮುಖ್ಯವಾಗಿ ಗಂಡನ ಗುಣಗಳನ್ನು, ಒಂದೊಂದಾಗಿ ಎತ್ತಿ ಆಡುತ್ತಾಳೆ. ಆಡುವುದೆಂದರೆ ಸಾಮಾನ್ಯವಾಗಿ ಅಲ್ಲ. ಕಲ್ಲಿನ ಒಂದೊಂದು ಸುತ್ತಿಗೆ ಒಂದೊಂದು ಗುಣ ಹಿಟ್ಟಾಗುತ್ತಿತ್ತು.

ಹಾಡು ಮುಗಿದಾಗ ಅಣ್ಣ, “ಕೊನೆಯದು ಹಾಗಲ್ಲ. ಅಮ್ಮ ಹಾಗೆ ಹೇಳುತ್ತಿರಲಿಲ್ಲ. ಅಣ್ಣ ಬಂಡಿ ಕಟ್ಟಿಕೊಂಡು ಬಂದ, ಕರೆದುಕೊಂಡು ಹೋದ, ಅಲ್ಲಿಗೆ ಮುಗಿಯುತ್ತದೆ” ಎಂದನು.

ಅತ್ತಿಗೆಯವರು ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ಕೈಯಿಂದ ಬಳಿದು ಮೊರಕ್ಕೆ ತುಂಬುತ್ತ, “ಅದು ಗಂಡಸರು ಪಡಸಾಲೆಯಲ್ಲಿ ಕೂತಿದ್ದಾಗ ಹೇಳುತ್ತಿದ್ದುದು. ನಾವಿಬ್ಬರೇ ಬೀಸುವಾಗ ಅತ್ತೆಯವರು ಹೇಳುತ್ತಿದ್ದುದು ಇದು” ಎಂದರು.

1987ರಲ್ಲಿ ದೊಡ್ಡಮ್ಮನವರು ಹಾಡಿದಾಗ ಪಡಸಾಲೆಯ ತುಂಬ ಗಂಡಸರೇ ಇದ್ದೆವು. ಹಾಗಾದರೆ ಕೆಟ್ಟುಹೋದ ಡಿಸ್ಕಿನಲ್ಲಿದ್ದುದು ಬಂಡಿ ಬಂದ ಹಾಡು; ಈಗ ನಮ್ಮ ಕೈಗೆ ಬಂದುದು ಯಂತ್ರಕ್ಕೆ ಎಂದೂ ಸಿಕ್ಕದಿದ್ದ ಹಾಡು. ಅಣ್ಣ ಏನೂ ಹೇಳಲಿಲ್ಲ. ಮೊರದಿಂದ ಒಂದು ಚಿಟಿಕೆ ಹಿಟ್ಟನ್ನು ತೆಗೆದು ಬೆರಳಿನಲ್ಲಿ ಉಜ್ಜಿ ನೋಡಿ, “ಸ್ವಲ್ಪ ತರಿ ಇದೆ” ಎಂದು ಎದ್ದು ತೋಟದ ಕಡೆಗೆ ಹೋದನು.

ಪಕ್ಕದ ಮನೆಯ ಹುಡುಗಿ ಮೊಬೈಲಿನಿಂದ ಆ ಹಾಡನ್ನು ಲ್ಯಾಪ್‌ಟಾಪಿಗೂ ಅಲ್ಲಿಂದ ಪೆನ್‌ಡ್ರೈವಿಗೂ ಸೇರಿಸಿದಳು. ಈ ಫೈಲಿಗಾದರೂ ಒಂದು ಹೆಸರಿಡೋಣವೆಂದು ನಾನು ಅತ್ತಿಗೆಯವರನ್ನು ಕೇಳಿದೆ.

“ಬರಿಯ 17 ಎಂದೇ ಇರಲಿ ಕಣಪ್ಪ” ಎಂದು ಅವರು ನಕ್ಕರು. “ಹೆಸರು ಬರೆದರೆ ಮನೆಗೆ ಬಂದವರೆಲ್ಲ ಮೊದಲು ಅದನ್ನೇ ಹಾಕಿಸುತ್ತಾರೆ.”